ಕಲಬುರಗಿಯ ಹದಿನೈದು ಪೌಂಡ್: ಆಟೋಕ್ಲೇವಿನ ತಾಪಮಾನವನ್ನು ನಂಬುವ ಮುನ್ನ

(ಕಲಬುರಗಿಯಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಮತ್ತು ಐಟಿಐ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆಗೆ ಬರುವಾಗ ಗಂಜಿನ (ಧಾನ್ಯದ ಮಾರುಕಟ್ಟೆಯ) ದಾರಿ ಹಿಡಿದು ಬಂದೆ. ತೊಗರಿ ಸುಗ್ಗಿ ನಡೆದಿದೆ. ಅಡತಿ ಅಂಗಡಿಗಳ ಮುಂದೆ ಚೀಲಗಳ ರಾಶಿ. ಒಬ್ಬ ಹಿರಿಯ ರೈತ ಕಾಟಾದ ಪಕ್ಕದಲ್ಲಿ ನಿಂತು, ಪ್ರತಿ ಚೀಲ ಏರಿದಾಗಲೂ ಬಾಗಿ ಅಂಕಿ ನೋಡುತ್ತಿದ್ದರು. ತೂಗುವ ಮೊದಲೇ ಅವರು ಕಾಟಾದ ಮೇಲೆ ಇಲಾಖೆಯ ಮುದ್ರೆ ಇದೆಯೇ ಎಂದು ನೋಡಿಕೊಂಡಿರುತ್ತಾರೆ. ಚೀಲಕ್ಕೆ ಅರ್ಧ ಕಿಲೋ ಹೋದರೂ ವರ್ಷದ ದುಡಿಮೆಯಲ್ಲಿ ಎಷ್ಟು ಕಳೆಯುತ್ತದೆ ಎಂಬ ಲೆಕ್ಕ ಅವರ ಬಾಯಲ್ಲಿಯೇ ಇರುತ್ತದೆ.

ನಾಳೆ ಅದೇ ಹಿರಿಯರು ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ನಿಮ್ಮ ಆಸ್ಪತ್ರೆಗೆ ಬರುತ್ತಾರೆ ಎಂದುಕೊಳ್ಳಿ. ಅವರ ಹೊಟ್ಟೆಗೆ ತಾಗುವ ಕತ್ತರಿ, ಚಿಮಟ, ಹತ್ತಿಬಟ್ಟೆ ಎಲ್ಲವೂ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಒಂದು ಉಕ್ಕಿನ ಪೆಟ್ಟಿಗೆಯಿಂದ, ಅಂದರೆ ಆಟೋಕ್ಲೇವಿನಿಂದ ಬರುತ್ತವೆ. ಅದರ ಮುಖದ ಮೇಲೆ 121 ಎಂಬ ಅಂಕಿ ಹೊಳೆಯುತ್ತದೆ. ಆ ಅಂಕಿಯನ್ನು ತೋರಿಸುವ ತಾಪಮಾಪಕವನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಅವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಹೊಳೆದರೂ ಅರಿವಳಿಕೆಯ ಮೇಜಿನ ಮೇಲೆ ಮಲಗಿದವರು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರ ಪರವಾಗಿ ಕೇಳಬೇಕಾದವರು ನಾವು. ಇಪ್ಪತ್ತು ವರ್ಷಗಳಿಂದ ಈ ಭಾಗದ ಆಸ್ಪತ್ರೆಗಳಲ್ಲಿ ಆಟೋಕ್ಲೇವ್‌ಗಳ ರಿಪೇರಿ, ಕ್ಯಾಲಿಬ್ರೇಶನ್ (ಮಾಪಕಗಳನ್ನು ತಾಳೆ ನೋಡುವ ಕೆಲಸ) ಮಾಡಿಕೊಂಡು ಬಂದಿದ್ದೇನೆ. ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಇಂದು ನಿಮಗೆ ಒಪ್ಪಿಸಬೇಕೆಂದಿದ್ದೇನೆ.

ಮೊದಲು ನಮ್ಮ ಎದುರಾಳಿ ಯಾರು ಎಂದು ನೋಡೋಣ. ನಮ್ಮ ಹೊಲದ ಕರಿ ಎರೆ ಮಣ್ಣಿನಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯದ ಬೀಜಾಣುಗಳು ಇರಬಲ್ಲವು. ಬೀಜಾಣು ಎಂದರೆ ಬ್ಯಾಕ್ಟೀರಿಯ ಕೆಟ್ಟ ಕಾಲ ಕಳೆಯಲು ಕಟ್ಟಿಕೊಳ್ಳುವ ಗೂಡು. ಒಳಗಿನ ನೀರನ್ನು ಬಹುಪಾಲು ಹೊರಹಾಕಿ, ಸುತ್ತ ಪದರದ ಮೇಲೆ ಪದರ ಹೊದ್ದು, ಉಸಿರಾಟವನ್ನೂ ನಿಲ್ಲಿಸಿದಂತೆ ವರ್ಷಗಟ್ಟಲೆ ಬಿದ್ದಿರುತ್ತದೆ. ಕುದಿಯುವ ನೀರಿಗೆ ಇಂಥ ಬೀಜಾಣುಗಳೆಲ್ಲ ಸಾಯುತ್ತವೆ ಎಂಬ ಖಾತರಿ ಇಲ್ಲ. ಅದರಲ್ಲೂ ನಮ್ಮ ಊರಿನ ನೀರು ನೂರು ಡಿಗ್ರಿಗೆ ಕುದಿಯುವುದೂ ಇಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ; ಇಲ್ಲಿ ನೀರು ಸುಮಾರು ತೊಂಬತ್ತೆಂಟೂವರೆ ಡಿಗ್ರಿಗೇ ಕುದಿಯುತ್ತದೆ. ಹಿಂದಿನವರು ಸ್ಟೀಲ್ ಡಬ್ಬಿಯಲ್ಲಿ ಸಿರಿಂಜು ಕುದಿಸಿ ಸೂಜಿ ಚುಚ್ಚುತ್ತಿದ್ದುದನ್ನು ನಾನೂ ಕಂಡಿದ್ದೇನೆ. ಆಗ ಅಷ್ಟೇ ಸಾಧ್ಯವಿತ್ತು. ಈಗ ಹಾಗಿಲ್ಲ.

ನೂರನ್ನು ದಾಟಬೇಕೆಂದರೆ ಒತ್ತಡ ಬೇಕು. ಈ ಗುಟ್ಟು ನಿಮ್ಮ ಅಡುಗೆಮನೆಯಲ್ಲಿಯೇ ಇದೆ. ಫ್ರಾನ್ಸ್ ಮೂಲದ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮುಚ್ಚಿದ ಪಾತ್ರೆಯಲ್ಲಿ ಹಬೆಯನ್ನು ಕೂಡಿಹಾಕಿ ಎಲುಬುಗಳನ್ನು ಮೆತ್ತಗೆ ಬೇಯಿಸಿ ತೋರಿಸಿದ. ಪಾತ್ರೆ ಸಿಡಿಯದಿರಲೆಂದು ತೂಕ ಹೇರಿದ ಒಂದು ಸುರಕ್ಷಾ ಕವಾಟವನ್ನೂ ಮಾಡಿದ. ಇಂದು ಕುಕ್ಕರಿನ ಮೇಲೆ ಕುಣಿಯುವ ತೂಕ ಅದರ ಸಂತತಿ. ಇದಾದ ಇನ್ನೂರು ವರ್ಷಗಳ ಮೇಲೆ, 1879ರಲ್ಲಿ, ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಅವರ ಪ್ರಯೋಗಾಲಯದಲ್ಲಿದ್ದ ಚಾರ್ಲ್ಸ್ ಶಾಂಬರ್ಲಾಂಡ್ ಇದೇ ತತ್ತ್ವವನ್ನು ಕ್ರಿಮಿಶುದ್ಧಿಗೆ ಒಗ್ಗಿಸಿದರು. ಇಂದಿನ ಆಟೋಕ್ಲೇವ್ ಆ ವಂಶದ್ದೇ.

ಒತ್ತಡವೇ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಇದನ್ನು ನಿಮ್ಮ ಮನಸ್ಸಿನಿಂದ ಇಂದೇ ತೆಗೆದುಹಾಕಬೇಕು. ಆಟೋಕ್ಲೇವಿನ ಒತ್ತಡದ ಗೇಜು ತೋರಿಸುವ ಹದಿನೈದು ಪೌಂಡ್ (ಚದರ ಇಂಚಿಗೆ) ಒತ್ತಡ ಬೀಜಾಣುವಿಗೆ ಏನೂ ಮಾಡುವುದಿಲ್ಲ. ಹಬೆಯನ್ನು 121 ಡಿಗ್ರಿಗೆ ಏರಿಸುವುದಷ್ಟೇ ಅದರ ಕೆಲಸ. ಕೊಲ್ಲುವುದು ತೇವ ತುಂಬಿದ ಶಾಖ. ಶಾಖ ಮತ್ತು ತೇವ ಎರಡೂ ಸೇರಿದಾಗ ಪ್ರೋಟೀನ್ ಬೇಗ ಹೆಪ್ಪುಗಟ್ಟುತ್ತದೆ, ಮೊಟ್ಟೆಯ ಬಿಳಿ ಬೆಂದಂತೆ. ಒಣ ಶಾಖಕ್ಕೆ ಈ ಚುರುಕು ಇಲ್ಲ. ಹಾಟ್ ಏರ್ ಓವನ್ನಿನಲ್ಲಿ 160 ಡಿಗ್ರಿಗೆ ಎರಡು ಗಂಟೆ ಇಡಬೇಕಾದುದನ್ನು ಹಬೆ 121 ಡಿಗ್ರಿಯಲ್ಲಿ 15 ನಿಮಿಷಕ್ಕೆ, 134 ಡಿಗ್ರಿಯಲ್ಲಿ 3 ನಿಮಿಷಕ್ಕೆ ಮುಗಿಸುತ್ತದೆ.

ಹಬೆಯ ಈ ಶಕ್ತಿ ಎಲ್ಲಿಂದ ಬಂತು? ಒಂದು ಕಿಲೋ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು ಸುಮಾರು 419 ಕಿಲೋಜೂಲ್ ಸಾಕು. ಅದೇ ನೂರು ಡಿಗ್ರಿಯ ನೀರನ್ನು ನೂರು ಡಿಗ್ರಿಯ ಹಬೆಯಾಗಿಸಲು ಇನ್ನೂ 2257 ಕಿಲೋಜೂಲ್ ಸುರಿಯಬೇಕು. ತಾಪಮಾನ ಒಂದು ಗೆರೆಯೂ ಏರುವುದಿಲ್ಲ. ಅಷ್ಟೂ ಶಾಖ ಹಬೆಯ ಒಡಲಲ್ಲಿ ಅಡಗಿ ಕೂರುತ್ತದೆ. ಶಾಲೆಯಲ್ಲಿ ಗುಪ್ತೋಷ್ಣ ಎಂದು ಓದಿದ್ದು ಇದನ್ನೇ. ಹಬೆ ತಣ್ಣನೆಯ ಕತ್ತರಿಗೆ ತಾಗಿದೊಡನೆ ಮತ್ತೆ ನೀರಾಗುತ್ತದೆ, ಅಡಗಿಸಿಟ್ಟ ಶಾಖವನ್ನೆಲ್ಲ ಆ ಕತ್ತರಿಯ ಮೇಲೆಯೇ ಇಳಿಸುತ್ತದೆ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದು ಕೈ ಸುಟ್ಟುಕೊಂಡವರಿಗೆ ಈ ಪಾಠ ಮರೆಯುವುದಿಲ್ಲ. ಇನ್ನೊಂದು ಸೊಗಸೂ ಇದೆ. ಒಂದು ಲೀಟರ್ ನೀರು ನೂರು ಡಿಗ್ರಿಯಲ್ಲಿ ಹಬೆಯಾದರೆ ಸುಮಾರು 1,670 ಲೀಟರ್ ಜಾಗ ಹಿಡಿಯುತ್ತದೆ. ಹಬೆ ನೀರಾದಾಗ ಅಷ್ಟೂ ಜಾಗ ತಟ್ಟನೆ ಖಾಲಿಯಾಗಿ, ಆ ಖಾಲಿಗೆ ಹೊಸ ಹಬೆ ನುಗ್ಗುತ್ತದೆ. ಬಟ್ಟೆಯ ಮಡಿಕೆ ಮಡಿಕೆಯೊಳಗೆ ಹಬೆ ತಾನಾಗಿ ಇಳಿಯುವುದು ಹೀಗೆ. ನಾವು ತಳ್ಳಬೇಕಿಲ್ಲ, ತಣ್ಣನೆಯ ವಸ್ತುವೇ ಎಳೆದುಕೊಳ್ಳುತ್ತದೆ.

ಈ ಇಡೀ ವ್ಯವಸ್ಥೆಯನ್ನು ಕೆಡಿಸುವುದು ಗಾಳಿ. ಪೆಟ್ಟಿಗೆಯೊಳಗೆ ಗಾಳಿ ಉಳಿದುಕೊಂಡರೆ ಗೇಜಿನ ಮುಳ್ಳು ಗಾಳಿಯ ಒತ್ತಡವನ್ನೂ ಹಬೆಯ ಒತ್ತಡವನ್ನೂ ಕೂಡಿಸಿ ತೋರಿಸುತ್ತದೆ. ಹಬೆಯ ತಾಪಮಾನವಾದರೋ ಹಬೆಯ ಪಾಲಿನ ಒತ್ತಡಕ್ಕೆ ತಕ್ಕಷ್ಟೇ ಇರುತ್ತದೆ. ಹಳೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಲೆಕ್ಕವಿದೆ: 15 ಪೌಂಡ್ ಒತ್ತಡದಲ್ಲಿ ಗಾಳಿ ಪೂರ್ತಿ ಹೋಗಿದ್ದರೆ 121 ಡಿಗ್ರಿ, ಅರ್ಧ ಹೋಗಿದ್ದರೆ 112, ಏನೂ ಹೋಗದಿದ್ದರೆ 100. ಮೂರೂ ಸಲ ಮುಳ್ಳು ನಿಲ್ಲುವುದು 15ರ ಮೇಲೆಯೇ. ಅಂದರೆ ಗೇಜನ್ನಷ್ಟೇ ನೋಡಿ ಸ್ಟಾರ್ಟ್ ಒತ್ತಿದವರು ಕೆಲವೊಮ್ಮೆ ಬರೀ ಕುದಿನೀರಿನ ಕೆಲಸ ಮಾಡಿರುತ್ತಾರೆ.

ಗಾಳಿ ಹಬೆಗಿಂತ ಭಾರ. ಅದಕ್ಕೇ ಸಾದಾ ಆಟೋಕ್ಲೇವಿನಲ್ಲಿ ಹಬೆ ಮೇಲಿನಿಂದ ತುಂಬುತ್ತಾ ಗಾಳಿಯನ್ನು ಕೆಳಗಿನ ಡ್ರೇನಿನ ಕಡೆಗೆ ದೂಡುತ್ತದೆ. ಡ್ರೇನಿನ ಬಾಯಲ್ಲಿ ತಾಪಮಾಪಕ ಇರುವುದೂ ಇದೇ ಕಾರಣಕ್ಕೆ. ಇಡೀ ಪೆಟ್ಟಿಗೆಯಲ್ಲಿ ತಡವಾಗಿ ಬಿಸಿಯಾಗುವ ಮೂಲೆ ಅದು. ಅಲ್ಲಿ 121 ಬಂದರೆ ಉಳಿದೆಡೆ ಬಂದಿದೆ ಎಂದು ಧೈರ್ಯವಾಗಿ ಎಣಿಸಬಹುದು. ಆದರೆ ಬಟ್ಟೆಯನ್ನು ಒತ್ತೊತ್ತಿ ತುಂಬಿದರೆ, ಡ್ರೆಸ್ಸಿಂಗ್ ಡ್ರಮ್ಮಿನ (ಬಟ್ಟೆ ತುಂಬಿಡುವ ಲೋಹದ ಡಬ್ಬಿಯ) ಪಕ್ಕದ ಕಿಂಡಿ ತೆರೆಯಲು ಮರೆತರೆ, ಬೋಗುಣಿಗಳನ್ನು ಬಾಯಿ ಮೇಲೆ ಮಾಡಿ ಇಟ್ಟರೆ ಗಾಳಿಗೆ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ಬೋಗುಣಿಯನ್ನು ಓರೆಯಾಗಿ ಇಡಿ. ಒಳಗೆ ನೀರು ತುಂಬಿದೆ ಎಂದು ಊಹಿಸಿಕೊಳ್ಳಿ; ಆ ನೀರು ತಾನಾಗಿ ಸುರಿದುಹೋಗುವಂತಿದ್ದರೆ ಗಾಳಿಯೂ ಸುರಿದುಹೋಗುತ್ತದೆ. ನಿರ್ವಾತ ಪಂಪು ಇರುವ ದೊಡ್ಡ ಯಂತ್ರಗಳಲ್ಲಿ ಗಾಳಿಯನ್ನು ಮೊದಲೇ ಹೀರಿ ತೆಗೆಯುತ್ತಾರೆ. ಅದು ಸರಿಯಾಗಿ ಹೋಗಿದೆಯೇ ಎಂದು ನೋಡಲು ಬೋವಿ ಮತ್ತು ಡಿಕ್ ಎಂಬಿಬ್ಬರು 1963ರಲ್ಲಿ ಒಂದು ಪರೀಕ್ಷೆ ಕೊಟ್ಟರು. ಬಟ್ಟೆಯ ಕಟ್ಟಿನ ನಡುವೆ ಇಟ್ಟ ಹಾಳೆ ಅಂಚಿನಿಂದ ನಡುವಿನವರೆಗೆ ಒಂದೇ ಸಮ ಬಣ್ಣ ಬದಲಿಸಬೇಕು. ನಡುವೆ ಮಾತ್ರ ಮಬ್ಬು ಉಳಿದರೆ ಅಲ್ಲಿ ಗಾಳಿ ಕುಳಿತಿತ್ತು ಎಂದರ್ಥ. ಅಂಥ ಯಂತ್ರ ಇರುವವರು ದಿನದ ಮೊದಲ ಸುತ್ತಿನಲ್ಲಿ ಇದನ್ನು ತಪ್ಪಿಸಬಾರದು.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಗೇಜು ತೋರಿಸುವ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ ಹೇಳುತ್ತದೆ. ಹೊರಗಿನ ಒತ್ತಡ ಮಂಗಳೂರಿನ ಕಡಲ ತೀರದಲ್ಲಿ ಒಂದು, ಕಲಬುರಗಿಯಲ್ಲಿ ಇನ್ನೊಂದು. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್, ಇಲ್ಲಿ ಸುಮಾರು 96. ಮಂಗಳೂರಿನಲ್ಲಿ ಮುಳ್ಳು 15 ಪೌಂಡ್ ತೋರಿಸಿದಾಗ ಒಳಗಿನ ಹಬೆ 121 ಡಿಗ್ರಿ ಇರುತ್ತದೆ. ಕಲಬುರಗಿಯಲ್ಲಿ ಅದೇ 15 ಪೌಂಡಿಗೆ ಹಬೆ 120ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಬೀದರ್ ಇನ್ನೂ ಎತ್ತರ, ಆರುನೂರು ಮೀಟರಿಗೂ ಮೇಲೆ. ಅಲ್ಲಿ 120ನ್ನೂ ಮುಟ್ಟುವುದಿಲ್ಲ. ‘15 ಪೌಂಡ್, 15 ನಿಮಿಷ’ ಎಂದು ನಾವು ಬಾಯಿಪಾಠ ಮಾಡಿದ ಸೂತ್ರ ಕಡಲ ದಂಡೆಯ ಸೂತ್ರ.

ಒಂದು ಡಿಗ್ರಿಗೆ ಇಷ್ಟೊಂದು ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಜ್ವರದ ಥರ್ಮಾಮೀಟರಿನಲ್ಲಿ ಒಂದು ಡಿಗ್ರಿಯನ್ನು ನಾವು ಹಗುರವಾಗಿ ನೋಡುವುದಿಲ್ಲ, ಇಲ್ಲಿಯೂ ನೋಡಬಾರದು. ಹಬೆಯಿಂದ ಸಾಯಲು ಬಹಳ ಹಟ ಮಾಡುವ ಬೀಜಾಣುವೆಂದರೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್. ಆಟೋಕ್ಲೇವನ್ನು ಪರೀಕ್ಷಿಸಲು ಸ್ಪೋರ್ (ಬೀಜಾಣು) ಪಟ್ಟಿಗಳಲ್ಲಿ ಇದನ್ನೇ ಇಡುತ್ತಾರೆ. ಇಂಥ ಬೀಜಾಣುಗಳ ವಿಷಯದಲ್ಲಿ ಒಪ್ಪಿತವಾದ ಲೆಕ್ಕವೇನೆಂದರೆ, ತಾಪಮಾನ 10 ಡಿಗ್ರಿ ಇಳಿದರೆ ಅಷ್ಟೇ ಕೊಲ್ಲಲು ಹತ್ತು ಪಟ್ಟು ಸಮಯ ಬೇಕು. ಒಂದೇ ಡಿಗ್ರಿ ಇಳಿದರೆ 15 ನಿಮಿಷದ ಕೆಲಸಕ್ಕೆ ಸುಮಾರು 19 ನಿಮಿಷ ಹಿಡಿಯುತ್ತದೆ. ಎರಡು ಡಿಗ್ರಿ ಇಳಿದರೆ ಸುಮಾರು 24 ನಿಮಿಷ. ತೊಗರಿಯ ಕಾಟಾದಲ್ಲಿ ನೂರಕ್ಕೆ ಒಂದು ಭಾಗ ತಪ್ಪಿದರೆ ನಷ್ಟವೂ ನೂರಕ್ಕೆ ಒಂದೇ. ಇಲ್ಲಿ ತಾಪಮಾನದಲ್ಲಿ ನೂರಕ್ಕೆ ಒಂದು ಭಾಗದಷ್ಟು ತಪ್ಪು ನುಸುಳಿದರೆ ಕೆಲಸದಲ್ಲಿ ಕಾಲು ಭಾಗವೇ ಕಳೆದುಹೋಗುತ್ತದೆ.

ಹಾಗಾದರೆ ಈ ತಾಪಮಾನವನ್ನು ಅಳೆಯುವವರು ಯಾರು? ಹೆಚ್ಚಿನ ಯಂತ್ರಗಳಲ್ಲಿ ಅದು ಪಿಟಿ-100. ಪ್ಲಾಟಿನಂ ಲೋಹದ ಬಹಳ ತೆಳುವಾದ ತಂತಿ ಅಥವಾ ಪದರ, ಸ್ಟೀಲ್ ಕೊಳವೆಯೊಳಗೆ. ಸೊನ್ನೆ ಡಿಗ್ರಿಯಲ್ಲಿ ಅದರ ವಿದ್ಯುತ್ ರೋಧ ಸರಿಯಾಗಿ 100 ಓಮ್. ಹೆಸರು ಬಂದದ್ದು ಅದರಿಂದ. ಬಿಸಿಯಾದಂತೆ ರೋಧ ಏರುತ್ತದೆ: 100 ಡಿಗ್ರಿಯಲ್ಲಿ 138.51 ಓಮ್, 121ರಲ್ಲಿ ಸುಮಾರು 146.4, 134ರಲ್ಲಿ ಸುಮಾರು 151.3. ಯಂತ್ರ ಅಳೆಯುವುದು ಓಮನ್ನು. ಡಿಗ್ರಿಯನ್ನು ಅದು ಲೆಕ್ಕ ಹಾಕಿ ತೋರಿಸುತ್ತದೆ. ಈ ತಾಪಮಾನದಲ್ಲಿ ಒಂದು ಡಿಗ್ರಿಗೆ ಸುಮಾರು 0.38 ಓಮ್. ಈ ಅಂಕಿಯನ್ನು ಗುರುತು ಹಾಕಿಕೊಳ್ಳಿ, ಮುಂದಿನ ಕತೆಗೆ ಇದೇ ಕೀಲಿ.

ಈ ವಿಭಾಗದ ಒಂದು ಆಸ್ಪತ್ರೆಗೆ ಒಮ್ಮೆ ಕರೆದಿದ್ದರು. ಊರು, ಹೆಸರು ಬೇಡ. ಆಟೋಕ್ಲೇವಿನ ಸೆನ್ಸರ್ ಕೆಟ್ಟು, ಯಾರೋ ಹೊಸದನ್ನು ಹಾಕಿ ಹೋಗಿದ್ದರು. ಯಂತ್ರ ಚೆನ್ನಾಗಿ ನಡೆಯುತ್ತಿದೆ, ವಾರ್ಷಿಕ ತಪಾಸಣೆ ಮಾಡಿ ಹೋಗಿ ಎಂದರು. ಅಲ್ಲಿ ಓಟಿ (ಶಸ್ತ್ರಚಿಕಿತ್ಸೆಯ ಕೊಠಡಿ) ನೋಡಿಕೊಳ್ಳುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರು ಪಕ್ಕಕ್ಕೆ ಕರೆದು ಹೇಳಿದರು: “ಸರ್, ಮೊದಲು ಈ ಮುಳ್ಳು ಹದಿನಾರರ ಹತ್ತಿರ ನಿಲ್ಲುತ್ತಿತ್ತು. ಸೆನ್ಸರ್ ಬದಲಿಸಿದ ಮೇಲೆ ಹದಿನಾಲ್ಕು ದಾಟುವುದೇ ಇಲ್ಲ. ಡಿಸ್ಪ್ಲೇಯಲ್ಲಿ ಮಾತ್ರ 121 ಬರುತ್ತದೆ. ಹೇಳಿದರೆ, ಗೇಜು ಹಳೆಯದಾಗಿದೆ ಬಿಡಿ ಸಿಸ್ಟರ್ ಎಂದರು.”

ನನ್ನ ಮಾಪಕವನ್ನು ಪೆಟ್ಟಿಗೆಯೊಳಗೆ ಇಳಿಸಿ ಒಂದು ಸುತ್ತು ಓಡಿಸಿದೆ. ಡಿಸ್ಪ್ಲೇ 121.0 ತೋರಿಸಿದಾಗ ಒಳಗೆ ಇದ್ದದ್ದು 118.6. ಹಿಂಬದಿಯ ಮುಚ್ಚಳ ಬಿಚ್ಚಿದಾಗ ಕಾರಣ ಸಿಕ್ಕಿತು. ಇಂಥ ಯಂತ್ರಗಳ ಪಿಟಿ-100ಕ್ಕೆ ಸಾಮಾನ್ಯವಾಗಿ ಮೂರು ತಂತಿಗಳಿರುತ್ತವೆ. ಮೂರನೆಯದು ತಂತಿಯ ಸ್ವಂತ ರೋಧವನ್ನು ಅಳೆದು ಕಳೆಯುವುದಕ್ಕೆ. ಹೊಸದಾಗಿ ಹಾಕಿದವರು ಎರಡೇ ತಂತಿ ಎಳೆದು, ಕಂಟ್ರೋಲರಿನ (ಸೆನ್ಸರನ್ನು ಓದಿ ಯಂತ್ರ ನಡೆಸುವ ಭಾಗದ) ಬಾಯಲ್ಲಿ ಮೂರನೆಯ ಟರ್ಮಿನಲ್ಲಿಗೆ ಒಂದು ತುಂಡು ತಂತಿ ಸೇರಿಸಿ ಮುಗಿಸಿದ್ದರು. ಐದು ಮೀಟರ್ ಉದ್ದದ ತೆಳು ತಂತಿ, ಹೋಗಿ ಬರುವ ರೋಧ ಸುಮಾರು 0.9 ಓಮ್. ಆ 0.9 ಓಮನ್ನೂ ಕಂಟ್ರೋಲರ್ ಶಾಖವೆಂದೇ ಎಣಿಸಿತು. 0.9ನ್ನು 0.38ರಿಂದ ಭಾಗಿಸಿ ನೋಡಿ: 2.4 ಡಿಗ್ರಿ. ಸುಳ್ಳು ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಗೇಜಿನ ಲೆಕ್ಕವನ್ನೂ ಮಾಡಿದೆ. 118.6 ಡಿಗ್ರಿಯ ಸಂತೃಪ್ತ ಹಬೆಗೆ (ಗಾಳಿ ಬೆರೆಯದ, ನೀರಿನೊಂದಿಗೆ ಸಮತೋಲದಲ್ಲಿರುವ ಹಬೆಗೆ) ಕಲಬುರಗಿಯ ಎತ್ತರದಲ್ಲಿ ಮುಳ್ಳು ನಿಲ್ಲಬೇಕಾದದ್ದು ಸುಮಾರು 13.6 ಪೌಂಡಿನಲ್ಲಿ. 121ಕ್ಕೆ ನಿಲ್ಲಬೇಕಾದದ್ದು 15.8ರಲ್ಲಿ. ಹಳೆಯದೆಂದು ಬದಿಗೆ ಸರಿಸಿದ ಗೇಜು ಅಷ್ಟು ದಿನವೂ ನಿಜವನ್ನೇ ಹೇಳುತ್ತಿತ್ತು. ಅದನ್ನು ಕೇಳಿಸಿಕೊಂಡವರು ಆ ಸಿಸ್ಟರ್ ಒಬ್ಬರೇ. 26 ನಿಮಿಷ ಬೇಕಾಗಿದ್ದ ಕೆಲಸವನ್ನು ಅಷ್ಟು ದಿನ ಅಲ್ಲಿ 15 ನಿಮಿಷಕ್ಕೇ ಮುಗಿಸುತ್ತಿದ್ದರು. 15 ನಿಮಿಷ ಎಂಬ ನಿಯಮದಲ್ಲಿಯೇ ಒಂದಿಷ್ಟು ಹೆಚ್ಚುವರಿ ರಕ್ಷಣೆ ಇದೆ, ನಿಜ. ಆದರೆ ಆ ರಕ್ಷಣೆ ಇಟ್ಟಿರುವುದು ಬಟ್ಟೆಯ ಮಡಿಕೆಯಲ್ಲಿ ನಮಗೆ ಕಾಣದೆ ಉಳಿಯುವ ತಣ್ಣನೆಯ ಜಾಗಕ್ಕಾಗಿ. ನಮ್ಮ ತಂತಿಯ ತಪ್ಪು ಅದನ್ನು ತಿಂದುಹಾಕಬಾರದು.

ಸಂತೃಪ್ತ ಹಬೆಯಲ್ಲಿ ಒತ್ತಡ ಮತ್ತು ತಾಪಮಾನ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಒಂದು ಗೊತ್ತಾದರೆ ಇನ್ನೊಂದು ಇಷ್ಟೇ ಇರಬೇಕು ಎಂದು ಕೋಷ್ಟಕ ಹೇಳುತ್ತದೆ. ಪ್ರಕೃತಿಯೇ ನಮಗೆ ಇಬ್ಬರು ಸಾಕ್ಷಿಗಳನ್ನು ಕೊಟ್ಟಿದೆ. ಇಬ್ಬರ ಮಾತು ಹೊಂದದಿದ್ದರೆ ಮೂರು ಕಾರಣಗಳಲ್ಲಿ ಒಂದಿರುತ್ತದೆ: ತಾಪಮಾಪಕ ತಪ್ಪಿದೆ, ಗೇಜು ತಪ್ಪಿದೆ, ಇಲ್ಲವೇ ಒಳಗೆ ಗಾಳಿ ಇದೆ. ಯಾವುದೇ ಆಗಲಿ, ಆ ದಿನದ ಸಾಮಾನು ಓಟಿಗೆ ಹೋಗಬಾರದು.

ಸೆನ್ಸರ್ ಹೇಳುವ ಸುಳ್ಳಿನಲ್ಲಿಯೂ ಎರಡು ಬಗೆ. ತಂತಿಯ ಕೀಲು ತುಕ್ಕು ಹಿಡಿದರೆ, ಸ್ಕ್ರೂ ಸಡಿಲವಾದರೆ ರೋಧ ಏರಿ ಅಂಕಿ ಹೆಚ್ಚು ತೋರಿಸುತ್ತದೆ. ಯಂತ್ರ ಬೇಗ ತೃಪ್ತಿಯಾಗಿ ಹೀಟರನ್ನು ನಿಲ್ಲಿಸುತ್ತದೆ. ಇದು ಅಪಾಯದ ಸುಳ್ಳು. ಕೊಳವೆಯೊಳಗೆ ತೇವ ಇಳಿದು ನಿರೋಧನ ಕೆಟ್ಟರೆ ಕರೆಂಟಿಗೆ ಅಡ್ಡದಾರಿ ಸಿಕ್ಕಿ ರೋಧ ಕಡಿಮೆಯಾದಂತೆ ಕಾಣುತ್ತದೆ, ಅಂಕಿ ಕಡಿಮೆ ತೋರಿಸುತ್ತದೆ. ಆಗ ಯಂತ್ರ ಹೆಚ್ಚು ಕಾಯಿಸಿ ರಬ್ಬರ್ ಸಾಮಾನುಗಳನ್ನು ಹಾಳುಮಾಡುತ್ತದೆ. ನಷ್ಟವೇ, ಆದರೆ ರೋಗಿಗೆ ಅಲ್ಲ. ಇನ್ನು ಅಂಗಡಿಯಿಂದ ತಂದ ಹೊಸ ಸೆನ್ಸರ್ ಕೂಡ ಪರಿಪೂರ್ಣವಲ್ಲ. ಎ ದರ್ಜೆಯ ಪಿಟಿ-100ಕ್ಕೆ 121 ಡಿಗ್ರಿಯಲ್ಲಿ ಸುಮಾರು 0.4 ಡಿಗ್ರಿ ಆಚೀಚೆ ಹೋಗಲು ಅನುಮತಿ ಇದೆ, ಬಿ ದರ್ಜೆಗೆ ಸುಮಾರು 0.9. ಖರೀದಿಸುವಾಗ ದರ್ಜೆ ಕೇಳಿ.

ಕ್ಯಾಲಿಬ್ರೇಶನ್ ಎಂದರೆ ಸ್ಕ್ರೂ ತಿರುಗಿಸಿ ಸರಿಮಾಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಸರಿಪಡಿಸುವುದು ಬೇರೆಯ ಕೆಲಸ. ಕ್ಯಾಲಿಬ್ರೇಶನ್ ಎಂದರೆ ನಮ್ಮ ಮಾಪಕವನ್ನು ಅದಕ್ಕಿಂತ ನಂಬಲರ್ಹವಾದ ಇನ್ನೊಂದರ ಪಕ್ಕದಲ್ಲಿ ಇಟ್ಟು, ಎಷ್ಟು ತಪ್ಪಿದೆ ಎಂದು ಬರೆದಿಡುವುದು. ತಪ್ಪು ಇರುವುದು ದೋಷವಲ್ಲ. ಎಷ್ಟೆಂದು ಗೊತ್ತಿಲ್ಲದಿರುವುದು ದೋಷ. ಹೋದ ತಕ್ಷಣ ಸರಿಪಡಿಸಿಬಿಟ್ಟು ‘ಈಗ ಸರಿಯಿದೆ’ ಎಂದು ಬರೆದು ಬರುವವರನ್ನು ನಾನು ಒಪ್ಪುವುದಿಲ್ಲ. ಮುಟ್ಟುವ ಮುನ್ನ ಎಷ್ಟಿತ್ತು ಎಂಬುದೇ ಮುಖ್ಯ ದಾಖಲೆ. ಕಳೆದ ತಿಂಗಳುಗಳಲ್ಲಿ ಯಂತ್ರ ಏನು ಮಾಡಿದೆ ಎಂದು ಹೇಳುವುದು ಆ ಸಂಖ್ಯೆ ಮಾತ್ರ.

ಕೆಲಸದ ಬಗೆ ಹೀಗಿದೆ. ಸೆನ್ಸರನ್ನು ಯಂತ್ರದಿಂದ ಬಿಡಿಸಿ, ತಂತಿ ಕಳಚದೆ, ಒಣ ಕುಲುಮೆಯಂತಹ ಒಂದು ಲೋಹದ ಗಟ್ಟಿಗೆ ಇಳಿಸುತ್ತೇವೆ. ಇದಕ್ಕೆ ಡ್ರೈ ಬ್ಲಾಕ್ ಎನ್ನುತ್ತಾರೆ. ಪಕ್ಕದ ತೂತಿನಲ್ಲಿ ಪ್ರಮಾಣಿತ ಮಾಪಕ. 110, 121, 134 ಡಿಗ್ರಿಗಳಲ್ಲಿ ನಿಲ್ಲಿಸಿ, ಎರಡೂ ಅಂಕಿ ಅಲುಗದೆ ನಿಂತ ಮೇಲೆ ಓದಿ ಬರೆಯುತ್ತೇವೆ. ಅವಸರ ಇಲ್ಲಿ ಶತ್ರು. ಸೆನ್ಸರನ್ನು ಸಾಕಷ್ಟು ಆಳಕ್ಕೆ ಇಳಿಸಬೇಕು. ದಪ್ಪದ ಹದಿನೈದು ಪಟ್ಟು ಆಳ ಎಂಬುದು ನನ್ನ ರೂಢಿ. 6 ಮಿಲಿಮೀಟರ್ ಸೆನ್ಸರಿಗೆ 9 ಸೆಂಟಿಮೀಟರ್. ಅರ್ಧಂಬರ್ಧ ಇಳಿಸಿದರೆ ಕೊಳವೆಯ ಮೂಲಕ ಶಾಖ ಹೊರಗೆ ಸೋರಿ ಅಂಕಿ ಕಡಿಮೆ ಬರುತ್ತದೆ. ತಂತಿ ಕಳಚಬಾರದು ಎಂದದ್ದನ್ನು ಗಮನಿಸಿ. ಸೆನ್ಸರ್, ತಂತಿ, ಕೀಲು, ಡಿಸ್ಪ್ಲೇ ಎಲ್ಲವೂ ಸೇರಿದ ಸರಪಳಿಯನ್ನು ಒಟ್ಟಾಗಿ ಪರೀಕ್ಷಿಸಬೇಕು. ಕೆಲವರು ಸೆನ್ಸರನ್ನು ಬಿಡಿಸಿಟ್ಟು, ಒಂದು ಉಪಕರಣದಿಂದ ಡಿಸ್ಪ್ಲೇಗೆ 146.4 ಓಮ್ ತೋರಿಸಿ, ಅದು 121 ಎಂದಾಗ ಚೀಟಿ ಅಂಟಿಸಿ ಹೋಗುತ್ತಾರೆ. ನಾನು ಹೇಳಿದ ಆಸ್ಪತ್ರೆಯ ಯಂತ್ರವೂ ಆ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು.

ಹಾಗಾದರೆ ಪ್ರಮಾಣಿತ ಮಾಪಕವನ್ನು ನಂಬುವುದೇಕೆ? ಅದನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯ ಪರೀಕ್ಷಿಸಿರುತ್ತದೆ. ಅವರ ಮಾಪಕದ ಬೇರು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಮನುಷ್ಯರ ಮಾತಿಲ್ಲ, ವಸ್ತುವಿನ ಸ್ವಭಾವವೇ ಸಾಕ್ಷಿ. ನೀರು, ಮಂಜುಗಡ್ಡೆ, ಆವಿ ಮೂರೂ ಒಟ್ಟಿಗೆ ಬಾಳುವ ಬಿಂದು 0.01 ಡಿಗ್ರಿ, ಶುದ್ಧ ಇಂಡಿಯಂ ಲೋಹ ಹೆಪ್ಪುಗಟ್ಟುವುದು 156.5985 ಡಿಗ್ರಿಯಲ್ಲಿ. ಆಟೋಕ್ಲೇವಿನ ಇಡೀ ಬದುಕು ಈ ಎರಡು ಕಲ್ಲುಗಂಬಗಳ ನಡುವೆಯೇ ಮುಗಿಯುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪ್ರಮಾಣಪತ್ರ ಬಂದ ಮೇಲೆ ಕಪಾಟಿನಲ್ಲಿ ಇಟ್ಟು ಮರೆಯಬೇಡಿ, ಓದಿ. ‘ದೋಷ +0.4, ಅನಿಶ್ಚಿತತೆ ±0.3’ ಎಂದಿದ್ದರೆ ನಿಮ್ಮ ಡಿಸ್ಪ್ಲೇ 0.4 ಹೆಚ್ಚು ತೋರಿಸುತ್ತಿದೆ, ಆ ಮಾತಿನಲ್ಲಿಯೂ 0.3ರಷ್ಟು ಸಂಶಯ ಉಳಿದಿದೆ ಎಂದರ್ಥ. ನಿಜವಾಗಿ 121 ಬೇಕಿದ್ದರೆ ಡಿಸ್ಪ್ಲೇಯಲ್ಲಿ 121.7 ಬರುವಂತೆ ಇಡಬೇಕು. ಕೂಡುವ ಲೆಕ್ಕ ಅಷ್ಟೇ.

ವೇದಿಕೆಯ ಮೇಲೆ ಈ ಥರ್ಮಾಸ್ ಫ್ಲಾಸ್ಕ್ ಏಕಿದೆ ಎಂದು ಹುಡುಗರು ಆಗಿನಿಂದ ನೋಡುತ್ತಿದ್ದಾರೆ. ಒಳಗೆ ಪುಡಿ ಮಾಡಿದ ಮಂಜುಗಡ್ಡೆ. ಡಿಸ್ಟಿಲ್ಡ್ ನೀರಿನಿಂದ ಮಾಡಿದ್ದು. ನಮ್ಮ ಬೋರಿನ ಸವಳು ನೀರಿನ ಗಡ್ಡೆಯಾದರೆ ಉಪ್ಪಿನಿಂದಾಗಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸಂದುಗಳಲ್ಲಿ ಅದೇ ನೀರು ತುಂಬಿ, ಹೆಚ್ಚಾದದ್ದನ್ನು ಬಸಿದಿದ್ದೇನೆ. ಸೆನ್ಸರ್ ತಳಕ್ಕೆ ತಾಗದಂತೆ ಇಳಿಸುತ್ತೇನೆ. ಹತ್ತು ನಿಮಿಷ ಕಾಯೋಣ. (ಕಾದ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಮೇಲೆ ಕರೆದೆ. ಮಲ್ಟಿಮೀಟರ್ 100.4 ಓಮ್ ತೋರಿಸಿತು. ಮೀಟರಿನ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡು ಎಂದೆ: 0.3 ಓಮ್. ಕಳೆದರೆ 100.1, ಅಂದರೆ ಸೊನ್ನೆಯಿಂದ ಕಾಲು ಡಿಗ್ರಿ.) ಆ 0.3 ಓಮನ್ನು ಕಳೆಯದೇ ಇದ್ದಿದ್ದರೆ ಒಂದು ಡಿಗ್ರಿ ತಪ್ಪುತ್ತಿದ್ದೆವು. ಆಸ್ಪತ್ರೆಯ ಎರಡು ತಂತಿಯ ಕತೆಯೇ ಇಲ್ಲಿಯೂ. ಸಾಧಾರಣ ಮಲ್ಟಿಮೀಟರ್ ತಾನೇ ಅಷ್ಟು ನಿಖರವಲ್ಲದ ಕಾರಣ ಇದನ್ನು ಕ್ಯಾಲಿಬ್ರೇಶನ್ ಎಂದು ಕರೆಯಲಾಗದು. ಆದರೆ ದೊಡ್ಡ ತಪ್ಪಿದ್ದರೆ ಫ್ಲಾಸ್ಕಿನೊಳಗೆ ಸಿಕ್ಕಿಬೀಳುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ: “ಸರ್, ಬಟ್ಟೆಯ ಕಟ್ಟಿನ ಹೊರಗೆ ಅಂಟಿಸಿದ ಟೇಪಿನ ಮೇಲೆ ಕಪ್ಪು ಗೆರೆ ಬಂದರೆ ಸಾಲದೇ?” ಸಾಲದು ತಾಯಿ. ಕಟ್ಟು ಆಟೋಕ್ಲೇವಿಗೆ ಹೋಗಿ ಬಂದಿದೆ ಎಂದಷ್ಟೇ ಅದು ಹೇಳುತ್ತದೆ. 118.6ರ ಯಂತ್ರದಲ್ಲಿಯೂ ಟೇಪು ಚೆನ್ನಾಗಿಯೇ ಕಪ್ಪಾಗುತ್ತಿತ್ತು. ಕಟ್ಟಿನೊಳಗೆ ಸೂಚಕ ಪಟ್ಟಿ ಇಡಬೇಕು, ನಿಯಮಿತವಾಗಿ ಸ್ಪೋರ್ ಪರೀಕ್ಷೆ ಮಾಡಬೇಕು. ಇವು ಯಾವುವೂ ಒಂದರ ಬದಲು ಇನ್ನೊಂದಲ್ಲ.

ದಂತ ವೈದ್ಯರೊಬ್ಬರು ಕೇಳಿದರು: “ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?” ವರ್ಷಕ್ಕೊಮ್ಮೆ ತಪ್ಪಬಾರದು. ಸೆನ್ಸರ್, ಕಂಟ್ರೋಲರ್, ತಂತಿ, ಏನನ್ನು ಬದಲಿಸಿದರೂ ಆ ದಿನವೇ ಮತ್ತೊಮ್ಮೆ. ಗೇಜನ್ನೂ ಅದರ ಜೊತೆಗೇ ಮಾಡಿಸಿ, ಒಬ್ಬ ಸಾಕ್ಷಿಯನ್ನು ಮಾತ್ರ ಪರೀಕ್ಷಿಸಿದರೆ ಏನು ಬಂತು? ಮೇ ತಿಂಗಳನ್ನು ಬಿಟ್ಟು ಬೇರೆ ತಿಂಗಳು ಆರಿಸಿಕೊಂಡರೆ ಒಳ್ಳೆಯದು. ಹೊರಗೆ 43 ಡಿಗ್ರಿ ಇರುವಾಗ, ಸಾಮಾನ್ಯ ಕೋಣೆಯ ತಾಪಮಾನಕ್ಕೆಂದು ತಯಾರಾದ ಪರೀಕ್ಷಾ ಉಪಕರಣಗಳೂ ತುಸು ಅಲೆದಾಡುತ್ತವೆ. ಅನಿವಾರ್ಯವಾದರೆ ಎಸಿ ಇರುವ ಕೋಣೆ ಬೇಕು.

ಬೋರಿನ ನೀರು ಹಾಕಬಹುದೇ ಎಂದು ಲ್ಯಾಬಿನ ಹುಡುಗನೊಬ್ಬ ಕೇಳಿದ. ಬೇಡವೇ ಬೇಡ. ನಮ್ಮ ಜಿಲ್ಲೆಯ ಹಲವೆಡೆ ಕಾಲಡಿಯಲ್ಲಿ ಇರುವುದು ಸುಣ್ಣದ ಕಲ್ಲು. ಶಹಾಬಾದಿನ ಫರಸಿಯೂ ಅದೇ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಸವಳು ನೀರಿನಲ್ಲಿ ತೊಗರಿ ಬೇಳೆ ಬೇಯುವುದಿಲ್ಲ ಎಂದು ನಿಮ್ಮ ತಾಯಂದಿರು ಹೇಳುವುದನ್ನು ಕೇಳಿರುತ್ತೀರಿ. ಅದೇ ನೀರು ಆಟೋಕ್ಲೇವಿನ ಹೀಟರಿನ ಮೇಲೆ, ಸೆನ್ಸರಿನ ಮೇಲೆ ಬಿಳಿಯ ಪದರು ಕಟ್ಟುತ್ತದೆ. ಪದರು ಹೊದ್ದ ಸೆನ್ಸರ್ ಹಿಂದೆ ಬೀಳುತ್ತದೆ, ಒಳಗಿನ ಏರಿಳಿತ ಅದಕ್ಕೆ ತಡವಾಗಿ ತಿಳಿಯುತ್ತದೆ. ಡಿಸ್ಟಿಲ್ಡ್ ನೀರನ್ನೇ ಬಳಸಿ. ಡ್ರೇನಿನ ಜಾಲರಿಯನ್ನು ದಿನವೂ ತೊಳೆಯಿರಿ. ದಾರದ ಎಳೆ, ಹತ್ತಿ ಸಿಕ್ಕಿಕೊಂಡರೆ ಗಾಳಿಗೆ ದಾರಿ ಮುಚ್ಚಿದಂತೆ.

ಕೊನೆಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ತರುಣಿಯೊಬ್ಬಳು ಎದ್ದಳು. “ಸರ್, ನಾನು ಬೀದರಿನವಳು, ಅಲ್ಲಿಯೇ ಕೆಲಸಕ್ಕೆ ಸೇರುತ್ತೇನೆ. ನಮ್ಮಲ್ಲಿ ಮುಳ್ಳು ಎಷ್ಟರಲ್ಲಿ ನಿಲ್ಲಬೇಕು?” ಯಾದಗಿರಿಯವರು, ಕಲಬುರಗಿಯವರು 15.8ರ ಹತ್ತಿರ ನೋಡಬೇಕು. ಬೀದರಿನಲ್ಲಿ ಸುಮಾರು 16.1 ಎಂದೆ. ಗೇಜಿನ ಗಾಜಿನ ಮೇಲೆ ಕೆಂಪು ಬಣ್ಣದಿಂದ ಅಲ್ಲೊಂದು ಗೆರೆ ಎಳೆದುಕೊಳ್ಳಮ್ಮ, ಪ್ರತಿ ಸುತ್ತಿನಲ್ಲಿಯೂ ರಿಜಿಸ್ಟರಿನಲ್ಲಿ ಡಿಗ್ರಿಯ ಪಕ್ಕದಲ್ಲಿ ಪೌಂಡನ್ನೂ ಬರೆ ಎಂದೆ. ಅವಳು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಆಗಲೇ ನಾಲ್ಕು ಗೆರೆ ಎಳೆದು ಕಾಲಮ್ಮುಗಳನ್ನು ಮಾಡಿದ್ದಳು: ದಿನಾಂಕ, ಸಮಯ, ಡಿಗ್ರಿ, ಪೌಂಡ್. ಐದನೆಯದನ್ನು ನಾನು ಸೇರಿಸಿದೆ: ನೋಡಿದವರ ಸಹಿ.